ಬಂದೂಕಿನ ಬಂಡವಾಳ

"ನಾಳೆಯಿಂದ ಸಿಗೂದಿಲ್ಲಂತ" ಎಂಬ ಮಾತಿಗಿರುವ ಶಕ್ತಿ ಯಾವ ಜಾಹೀರಾತಿಗೂ ಇಲ್ಲ. ಉಪ್ಪು ಸಿಗುವುದಿಲ್ಲವಂತೆ ಎಂದು ಯಾರಾದರೂ ನಳದ ಹತ್ತಿರ ಅಂದರೆ ಸಾಕು, ಸಂಜೆಯೊಳಗೆ ಓಣಿಯ ಪ್ರತಿ ಮನೆಯಲ್ಲೂ ನಾಲ್ಕು ಪಾಕೀಟು ಉಪ್ಪು ಬಂದು ಕೂತಿರುತ್ತದೆ. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ರದ್ದಾದ ಸುದ್ದಿ ಬಂದಾಗ ದೊಡ್ಡ ಊರುಗಳಲ್ಲಿ ಬಂಗಾರದ ಅಂಗಡಿಗಳು ನಡುರಾತ್ರಿಯವರೆಗೆ ತೆರೆದಿದ್ದವು. ಸಾಸಿವೆ ಡಬ್ಬಿಯಲ್ಲಿ ಗುಟ್ಟಾಗಿ ನೋಟು ಕೂಡಿಟ್ಟ ನಮ್ಮಂಥವರು ಮಾತ್ರ ಗಂಡನ ಮುಂದೆ ಹೇಗೆ ಬಾಯಿಬಿಡುವುದು ಎಂದು ಎದೆ ಹಿಡಿದುಕೊಂಡು ಕೂತಿದ್ದೆವು. 2020ರ ಮಾರ್ಚಿನಲ್ಲಿ ಬೇಳೆ, ಬೆಲ್ಲ, ಗೋಧಿಗೆ ಇದೇ ಗತಿಯಾಯಿತು. ಇವೆಲ್ಲ ಅಡಿಗೆಮನೆಯ, ಇಲ್ಲವೇ ಟ್ರಂಕಿನ ಸಾಮಾನುಗಳು. ಬಂದೂಕನ್ನೂ ಹೀಗೆ "ಮುಂದೆ ಸಿಗೂದಿಲ್ಲ, ರೇಟು ಏರತದ" ಎಂದು ಕೊಂಡಿಡುವವರಿದ್ದಾರೆ ಎಂಬುದು ನನಗೆ ಗೊತ್ತಾದದ್ದು 2019ರ ದೀಪಾವಳಿಯ ಹೊತ್ತಿಗೆ, ನನ್ನ ಅಕ್ಕನ ಮನೆಯಲ್ಲಿ.

ಅಕ್ಕನ ಊರು ಕಲಘಟಗಿಯ ಕಡೆ. ಹೊಲ ಮುಗಿದಲ್ಲಿ ಅಡವಿ ಶುರುವಾಗುತ್ತದೆ. ಗೋವಿನಜೋಳ ಹಾಲುದುಂಬುವ ಹೊತ್ತಿಗೆ ಕಾಡುಹಂದಿಗಳು ಹಿಂಡು ಕಟ್ಟಿಕೊಂಡು ಬರುತ್ತವೆ. ಅಕ್ಕನ ಮಾವನವರ ಕಾಲದಿಂದಲೂ ಆ ಮನೆಯಲ್ಲಿ ಒಂದು ಜೋಡುನಳಿಗೆ ಬಂದೂಕಿತ್ತು. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸು. ಮಾವನವರ ನಂತರ ಅದು ಅಕ್ಕನ ಗಂಡನ ಹೆಸರಿಗೆ ಬಂತು. ಅವರನ್ನು ನಾವೆಲ್ಲ ಮಾಮಾ ಎನ್ನುತ್ತಿದ್ದೆವು. ಮಾಮಾ ಆ ಬಂದೂಕಿನಿಂದ ಹಂದಿ ಹೊಡೆದದ್ದನ್ನು ನಾನಂತೂ ಕಾಣೆ. ರಾತ್ರಿ ಒಮ್ಮೆ ಗಾಳಿಯಲ್ಲಿ ಢಂ ಅನ್ನಿಸಿದರೆ ಹಂದಿಗಳು ಪಕ್ಕದವರ ಹೊಲಕ್ಕೆ ಹೋಗುತ್ತಿದ್ದವು, ಪಕ್ಕದವರು ಢಂ ಅನ್ನಿಸಿದರೆ ತಿರುಗಿ ಇತ್ತ ಬರುತ್ತಿದ್ದವು. ಆಯುಧಪೂಜೆಯ ದಿನ ಅದಕ್ಕೆ ಎಣ್ಣೆ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಇಡುವುದು ಅಕ್ಕನ ಕೆಲಸ. ಚುನಾವಣೆ ಬಂತೆಂದರೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರುವುದು ಮಾಮಾನ ಕೆಲಸ. ಅಷ್ಟರಮಟ್ಟಿಗೆ ಅದೂ ಮನೆಯ ಒಬ್ಬ ಮುದುಕನ ಹಾಗೆ ಮೂಲೆ ಹಿಡಿದು ಇತ್ತು.

ಆ ದೀಪಾವಳಿಗೆ ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಿಂದ ಬಂದಿದ್ದ. ಊಟವಾದ ಮೇಲೆ ಅಪ್ಪನ ಬಂದೂಕು ನೋಡಿ ನಕ್ಕು, ತನ್ನ ಪಕ್ಕದ ಮನೆಯವನ ಕಥೆ ಹೇಳಿದ. ಆ ಮನುಷ್ಯ 2012ರ ಡಿಸೆಂಬರಿನಲ್ಲಿ ಎರಡು ಸೆಮಿ-ಆಟೋಮ್ಯಾಟಿಕ್ ರೈಫಲು ಕೊಂಡನಂತೆ. ಒಮ್ಮೆ ಕುದುರೆ ಎಳೆದರೆ ಒಂದು ಗುಂಡು ಹಾರುತ್ತದೆ, ಮುಂದಿನದು ತಾನಾಗಿಯೇ ಬಂದು ಕೂಡುತ್ತದೆ, ಅಂಥ ರೈಫಲು. ಕೊಂಡವನು ಅವುಗಳಿಂದ ಒಂದು ಗುಂಡನ್ನೂ ಹಾರಿಸಿಲ್ಲ. ಪೆಟ್ಟಿಗೆ ಸಹ ಬಿಚ್ಚದೆ ಕಪಾಟಿನಲ್ಲಿಟ್ಟು, "ಇದೇ ನನ್ನ ಫಿಕ್ಸೆಡ್ ಡಿಪಾಸಿಟ್" ಎನ್ನುತ್ತಾನಂತೆ.

2012ರ ಡಿಸೆಂಬರ್ ಎಂದಾಗ ನನಗೆ ಚುರುಕ್ಕೆಂದಿತು. ಅದೇ ತಿಂಗಳ 14ರಂದು ಅಲ್ಲಿಯ ಸ್ಯಾಂಡಿ ಹುಕ್ ಎಂಬ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಇಂಥದೇ ರೈಫಲಿನಿಂದ ಇಪ್ಪತ್ತು ಮಕ್ಕಳನ್ನೂ ಆರು ಮಂದಿ ಶಾಲೆಯ ಹೆಂಗಸರನ್ನೂ ಕೊಂದಿದ್ದ. ಮಕ್ಕಳೆಲ್ಲ ಆರೇಳು ವರ್ಷದವರು, ನಮ್ಮ ಒಂದನೆತ್ತೆಯ ಮಕ್ಕಳಷ್ಟು. ಇನ್ನು ಸರ್ಕಾರ ಇವನ್ನು ನಿಷೇಧಿಸುತ್ತದೆ ಎಂಬ ಮಾತು ಎದ್ದದ್ದೇ ತಡ, ಅಲ್ಲಿಯ ಜನ ಅಂಗಡಿಗಳ ಮುಂದೆ ಸಾಲು ಹಚ್ಚಿದರು. ಅತ್ತ ಮಕ್ಕಳ ಶವಸಂಸ್ಕಾರ, ಇತ್ತ ಅದೇ ಸರಕಿಗೆ ನೂಕುನುಗ್ಗಲು. ಅವರ ಲೆಕ್ಕಕ್ಕೆ ಹಿಂದಿನ ಆಧಾರವೊಂದಿತ್ತು. 1994ರ ಸೆಪ್ಟೆಂಬರಿನಲ್ಲಿ ಅಮೆರಿಕ ಇಂಥ ಹಲವು ರೈಫಲುಗಳ ಹೊಸ ತಯಾರಿಕೆ, ಮಾರಾಟ ನಿಲ್ಲಿಸಿದಾಗ, ಅದಕ್ಕೂ ಮೊದಲು ಕೊಂಡವುಗಳಿಗೆ ಅಡ್ಡಿ ಮಾಡಿರಲಿಲ್ಲ. ಹಾಗಾಗಿ ಹಳೆಯವಕ್ಕೆ ಬೆಲೆ ಬಂತು. ಆದರೆ ಆ ಕಾಯ್ದೆ ಹತ್ತೇ ವರ್ಷದ್ದು. 2004ರ ಸೆಪ್ಟೆಂಬರಿಗೆ ಅವಧಿ ಮುಗಿದು ಹೊಸ ಮಾಲು ಮತ್ತೆ ಬಜಾರಕ್ಕೆ ಬಂದಾಗ, ದುಬಾರಿ ತೆತ್ತು ಕೊಂಡಿಟ್ಟವರ ಲೆಕ್ಕ ತಲೆಕೆಳಗಾಯಿತು. ಅಳಿಯರಾಯ ಈ ಎರಡನೆಯ ಅರ್ಧ ಹೇಳಲಿಲ್ಲ, ರಜೆ ಮುಗಿಸಿ ಹೋದ. ಮಾತಿನ ಬೀಜ ಮಾತ್ರ ಮಾಮಾನ ತಲೆಯಲ್ಲಿ ಬಿದ್ದುಹೋಗಿತ್ತು.

ಅದಕ್ಕೆ ನೀರೆರೆದದ್ದು ನಮ್ಮದೇ ಸಂಸತ್ತು. ನವೆಂಬರ್ ಕೊನೆಗೆ 1959ರ ಆಯುಧ ಕಾಯ್ದೆಗೆ ತಿದ್ದುಪಡಿ ಬಂತು. ಅಲ್ಲಿಯವರೆಗೆ ಒಬ್ಬ ಲೈಸೆನ್ಸುದಾರ ಮೂರು ಬಂದೂಕು ಇಟ್ಟುಕೊಳ್ಳಬಹುದಾಗಿತ್ತು, ಇನ್ನು ಮೇಲೆ ಒಂದೇ ಎಂದು ಮಸೂದೆಯಲ್ಲಿತ್ತು. ಮಾಮಾನ ಗೆಳೆಯರಾದ ಗೌಡರೊಬ್ಬರು ಪೇಪರು ಹಿಡಿದುಕೊಂಡು ಬಂದರು. ಅವರಲ್ಲಿ ಆಗಲೇ ಮೂರಿದ್ದವು. ಅವರ ಪರಿಚಯದ ಯಾರೋ ತೀರಿಕೊಂಡು, ಅವರ ಮನೆಯ ಹಳೆಯ ವಿಲಾಯತಿ ರೈಫಲು ಮಾರಾಟಕ್ಕೆ ಬಂದಿತ್ತು. ಅದು ಸೆಮಿ-ಆಟೋಮ್ಯಾಟಿಕ್ ಅಲ್ಲ. ಅಂಥದು ನಮ್ಮಲ್ಲಿ ಬಹುಮಟ್ಟಿಗೆ ನಿಷಿದ್ಧ ಆಯುಧಗಳ ಸಾಲಿಗೆ ಸೇರುತ್ತದೆ, ರೈತನ ಲೈಸೆನ್ಸಿಗೆ ದಕ್ಕುವ ಮಾತಲ್ಲ. ಇದು ಒಂದೊಂದು ಗುಂಡಿಗೂ ಚಿಲಕ ಎಳೆಯುವ ರೈಫಲು. ಬೆಲೆ ಒಂದೂವರೆ ಲಕ್ಷ. "ಕಾಯ್ದೆ ಬರೂದ್ರಾಗ ನಿಮ್ಮ ಹೆಸರಿಗೆ ಹಚ್ಚಿಸಿಬಿಡ್ರಿ. ಆಮ್ಯಾಲೆ ಇದ್ದವರು ಇದ್ದಂಗ, ಇಲ್ಲದವರಿಗೆ ಇಲ್ಲ. ಐದು ವರ್ಷಕ್ಕ ಮೂರು ಲಕ್ಷ ಆಗತೈತಿ" ಎಂದರಂತೆ ಗೌಡರು.

ಮರುದಿನ ಬೆಂಗೇರಿಯ ನಮ್ಮ ಮನೆಗೆ ಅಕ್ಕನ ಫೋನು ಬಂತು. "ತಂಗಿ, ನಿಮ್ಮ ಮಾಮಾಗ ಬಂದೂಕಿನ ಹುಚ್ಚ ಹಿಡದೈತಿ. ನನ್ನ ಮೊಣಕಾಲಿಗಂತ ಇಟ್ಟ ರೊಕ್ಕಾ ತಗೀತಾರಂತ. ನೀನರ ಬಂದು ಒಂದು ಮಾತು ಹೇಳು."

ಅಕ್ಕನ ಎರಡೂ ಮೊಣಕಾಲು ಸವೆದಿದ್ದವು. ಕಟ್ಟಿ ಇಳಿಯಬೇಕಾದರೆ ಗೋಡೆ ಹಿಡಿಯುತ್ತಿದ್ದಳು. ಎರಡು ವರ್ಷದ ಸೋಯಾಬೀನಿನ ರೊಕ್ಕ ಕೂಡಿಸಿ ಆಪರೇಶನ್ನಿಗೆಂದು ಬ್ಯಾಂಕಿನಲ್ಲಿಟ್ಟಿದ್ದರು. ಬರುವ ಬೇಸಿಗೆಗೆ ಮಾಡಿಸುವುದೆಂದು ಮಾತಾಗಿತ್ತು.

ರವಿವಾರ ಹೋದೆ. ಮಾಮಾ ನನ್ನನ್ನು ನೋಡಿದ ಕೂಡಲೆ ಅರ್ಥ ಮಾಡಿಕೊಂಡರು.

"ಬರ್ರಿ ಅಕ್ಕೋರ, ವಕಾಲತ್ತಿಗೆ ಬಂದ್ರೇನು?"

"ಇಲ್ರಿ ಮಾಮಾ, ಲೆಕ್ಕಾ ಕೇಳಾಕ ಬಂದೀನಿ."

"ಇದರಾಗೇನು ಲೆಕ್ಕ? ಗಾಳಿ ಬಂದಾಗ ತೂರಿಕೋಬೇಕು. ಮೊಣಕಾಲು ಒಂದು ವರ್ಷ ತಡದರ ಏನೂ ಆಗೂದಿಲ್ಲ. ಮತ್ತ ನೀನೇ ಸಾಲ್ಯಾಗ ಪಾಠಾ ಮಾಡ್ತಿಯಲ್ಲ, ಹಲಗಲಿ ಬ್ಯಾಡರು ಸರ್ಕಾರ ಕೇಳಿತಂತ ಹತಾರ ಕೊಟ್ಟರೇನು?"

ಪಾಠ ಮಾಡುತ್ತೇನೆ ನಿಜ. ಅದಕ್ಕೆಂದೇ ಉತ್ತರ ಕೊಡಬೇಕಾಯಿತು. 1857ರಲ್ಲಿ ಇಂಗ್ರಜರು ನಿಶ್ಶಸ್ತ್ರೀಕರಣದ ಕಾಯ್ದೆ ತಂದು, ಲೈಸೆನ್ಸಿಲ್ಲದ ಆಯುಧಗಳನ್ನು ಒಪ್ಪಿಸಿರೆಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಹೊಟ್ಟೆಪಾಡು, ಹತಾರವೇ ಮಾನ ಎಂದು ಬದುಕಿದವರು ಅವರು. ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಸಿಕ್ಕವರಲ್ಲಿ ಕೆಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲೂ ಉಳಿದವರನ್ನು ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಆ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ ಫ್ಲೀಟರೇ ಮುಂದೆ ಬರೆದಿಟ್ಟುಕೊಂಡು ಅಚ್ಚು ಹಾಕಿಸಿದರು. ಅದೇ ಕಾಲದಲ್ಲಿ ಕೊಡಗಿನಲ್ಲಿ ಬೇರೆ ನಡೆಯಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಅದು ಸ್ವಾತಂತ್ರ್ಯದ ನಂತರವೂ ಮುಂದುವರಿದು, 2019ರ ಅಕ್ಟೋಬರಿನಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಣೆಯಾಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ.

"ಮಾಮಾ, ಹಲಗಲಿಯವರು ಹತಾರಕ್ಕ ಪ್ರಾಣಾ ಕೊಟ್ಟರು, ಕೊಡಗಿನವರು ದೇವರಂತ ಪೂಜಾ ಮಾಡ್ತಾರ. ಐದು ವರ್ಷಕ್ಕ ದುಪ್ಪಟ್ಟಾಗಲೆಂತ ಅವರ್ಯಾರೂ ಇಟಗೊಂಡಿದ್ದಿಲ್ಲ" ಎಂದೆ.

ಮಾಮಾ ನಕ್ಕರು. ಆದರೆ ಪಟ್ಟು ಬಿಡಲಿಲ್ಲ. ಅವರ ಮಾತಿನಲ್ಲಿ ಪೂರ್ತಿ ಹುರುಳಿಲ್ಲವೆಂದೂ ಹೇಳುವಂತಿರಲಿಲ್ಲ. 1980ರ ದಶಕದ ನಡುವಿನಲ್ಲಿ ಖಾಸಗಿಯವರು ವಿದೇಶಿ ಬಂದೂಕು ತರಿಸಿಕೊಳ್ಳುವುದನ್ನು ಸರ್ಕಾರ ನಿಲ್ಲಿಸಿತು. ಅದಕ್ಕೂ ಮುಂಚೆ ದೇಶದೊಳಗೆ ಬಂದಿದ್ದ ವಿಲಾಯತಿ ಬಂದೂಕುಗಳ ಬೆಲೆ ಹಲವು ಪಟ್ಟು ಏರಿದ್ದು ಸುಳ್ಳಲ್ಲ. ತಡೆ ಬಿದ್ದ ವಸ್ತು ತುಟ್ಟಿಯಾಗುತ್ತದೆ ಎಂಬುದನ್ನು ನಮ್ಮವ್ವನೇ ಕಂಡಿದ್ದಳು. ಅವಳ ಮದುವೆಯಾದದ್ದು 1963ರ ಬೇಸಿಗೆಯಲ್ಲಿ. ಅದೇ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣ ತಂದು, ಹೊಸ ಆಭರಣ 14 ಕ್ಯಾರೆಟ್ಟಿಗಿಂತ ಹೆಚ್ಚಿರಕೂಡದು ಎಂದಿದ್ದರು. ಅವ್ವನ ಪಾಟ್ಲಿ ಹದಿನಾಲ್ಕು ಕ್ಯಾರೆಟ್ಟಿನವೇ ಆದವು. ಬಣ್ಣ ಮಾಸಿದ ಅವನ್ನು ನೋಡಿದಾಗಲೆಲ್ಲ "ದೇಸಾಯಿ ಪಾಟ್ಲಿ" ಎಂದು ಬೈಯುತ್ತಿದ್ದಳು. ಕೆಲಸ ಕಳೆದುಕೊಂಡ ಪತ್ತಾರರ ಮನೆಗಳಲ್ಲಿ ಒಲೆ ಆರಿದವು, ಪ್ರಾಣ ಕಳೆದುಕೊಂಡವರೂ ಇದ್ದರು. ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಸಡಿಲಾಯಿತು, ಕಾಯ್ದೆಯೇ ಹೋದದ್ದು 1990ರಲ್ಲಿ. ಅಷ್ಟರಲ್ಲಿ ಬಂಗಾರದ ಬೆಲೆ ಎಲ್ಲಿಂದೆಲ್ಲಿಗೋ ಏರಿತ್ತು.

"ಹಂಗಾರ ನಾ ಹೇಳಿದ್ದ ಖರೆ ಆತಲ್ಲ!" ಎಂದು ಮಾಮಾ ತೊಡೆ ತಟ್ಟಿದರು.

ವ್ಯತ್ಯಾಸ ಅಲ್ಲೇ ಇರುವುದು. ಅವ್ವನ ಪಾಟ್ಲಿ ಅವ್ವನವು. ಅಣ್ಣನ ಕಾಲೇಜಿನ ಫೀ ಕಟ್ಟುವ ದಿನ ಅವನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೋಗಿ, ಮಧ್ಯಾಹ್ನದೊಳಗೆ ರೊಕ್ಕ ತಂದಳು. ಕ್ಯಾರೆಟ್ಟು ಕಡಿಮೆಯೆಂದು ಪತ್ತಾರ ಕಡಿಮೆ ಕೊಟ್ಟ, ಆದರೆ ನೀನು ಯಾರು, ನಿನ್ನ ಹೆಸರಿನ ಲೈಸೆನ್ಸು ಎಲ್ಲಿ ಎಂದು ಕೇಳಲಿಲ್ಲ. ಬಂದೂಕು ಹಾಗಲ್ಲ. ಮಾರಬೇಕಾದರೆ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ಕೊಳ್ಳುವವನ ಲೈಸೆನ್ಸಿನಲ್ಲಿ ಅದೇ ಜಾತಿಯ ಬಂದೂಕಿಗೆ ಮಂಜೂರಾತಿ ಇರಬೇಕು. ಅಂಥವನು ಸಿಗುವವರೆಗೆ ಎಣ್ಣೆ ಹಚ್ಚುತ್ತ, ಲೈಸೆನ್ಸು ನವೀಕರಿಸುತ್ತ, ಭದ್ರವಾಗಿ ಬೀಗದೊಳಗೆ ಕಾಯುತ್ತ ಕೂಡಬೇಕು. ಇನ್ನು ಒಬ್ಬನಿಗೆ ಒಂದೇ ಬಂದೂಕು ಎಂದು ಸರ್ಕಾರವೇ ಅಂದ ಮೇಲೆ ಕೊಳ್ಳುವವರು ಹೆಚ್ಚುತ್ತಾರೋ ಕಡಿಮೆಯಾಗುತ್ತಾರೋ? ಇಷ್ಟು ಕೇಳಿದೆ. ಮಾಮಾ ಸುಮ್ಮನಾದರು.

"ಇದ್ದವರು ಇದ್ದಂಗ" ಎಂಬ ಗೌಡರ ಮಾತೂ ಎಲ್ಲ ಕಡೆ ನಡೆದಿಲ್ಲ. ಆಸ್ಟ್ರೇಲಿಯಾದ ಪೋರ್ಟ್ ಆರ್ಥರಿನಲ್ಲಿ 1996ರ ಏಪ್ರಿಲ್‌ನಲ್ಲಿ ಒಬ್ಬ ಮೂವತ್ತೈದು ಜನರನ್ನು ಕೊಂದ. ಅಲ್ಲಿಯ ಸರ್ಕಾರ ಸೆಮಿ-ಆಟೋಮ್ಯಾಟಿಕ್ ರೈಫಲುಗಳನ್ನು ನಿಷೇಧಿಸಿದ್ದಷ್ಟೇ ಅಲ್ಲ, ಜನರ ಹತ್ತಿರ ಇದ್ದವನ್ನೂ ರೊಕ್ಕ ಕೊಟ್ಟು ತಿರುಗಿ ತೆಗೆದುಕೊಂಡಿತು. ಹೀಗೆ ಸುಮಾರು ಆರೂವರೆ ಲಕ್ಷ ಬಂದೂಕು ಒಪ್ಪಿಸಲ್ಪಟ್ಟು ನಾಶವಾದವು. ನ್ಯೂಜಿಲೆಂಡಿನಲ್ಲಿ 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ ಐವತ್ತೊಂದು ಜನ ಸತ್ತಾಗ ಒಂದು ತಿಂಗಳೊಳಗೆ ಕಾಯ್ದೆಯಾಯಿತು. ಅಲ್ಲಿಯೂ ಒಪ್ಪಿಸಬೇಕು, ಬೆಲೆ ಸರ್ಕಾರ ಕಟ್ಟಿದ್ದು. ಮುಂದೆ ತುಟ್ಟಿಯಾಗುತ್ತದೆಂದು ಕೊಂಡಿಟ್ಟವರಿಗೆ ಅಂಗಡಿಗೆ ಕೊಟ್ಟಷ್ಟೂ ಬರುವ ಭರವಸೆ ಇರಲಿಲ್ಲ. ನಾಳಿನ ಕಾಯ್ದೆ ಅಮೆರಿಕದ ದಾರಿ ಹಿಡಿಯುತ್ತದೋ ಆಸ್ಟ್ರೇಲಿಯಾದ ದಾರಿ ಹಿಡಿಯುತ್ತದೋ, ಕೊಳ್ಳುವ ದಿನ ಯಾರಿಗೆ ಗೊತ್ತು?

ಇಷ್ಟೆಲ್ಲ ಹೇಳಿದರೂ ಮಾಮಾನ ಮುಖ ಪೂರ್ತಿ ಇಳಿದಿರಲಿಲ್ಲ. ಆಗ ಒಳಗಿನಿಂದ ಅಕ್ಕ ಚಹಾ ಹಿಡಿದುಕೊಂಡು ಬಂದಳು. ಕಪ್ಪು ಇಟ್ಟು, ಗೋಡೆಗೆ ಕೈಯಾನಿಸಿ ನಿಂತು ಕೇಳಿದಳು:

"ಇರೂ ಬಂದೂಕದ್ದ ಕೀಲಿಕೈ ನನ್ನ ಹತ್ರನ ಇರತೈತಿ. ನೀವು ಪ್ಯಾಟಿಗೆ ಹೋದ್ರ ಅದನ್ನ ಕಾಯೂದು ನಾನ. ಮೊಮ್ಮಕ್ಕಳು ಬಂದ್ರ ತೋಟಾ ಬ್ಯಾರೆ ಕಡೆ ಮುಚ್ಚಿಡೂದು ನಾನ. ಆದರ ಲೈಸನ್ಸಿನಾಗ ನನ್ನ ಹೆಸರಿಲ್ಲ, ನಾ ಅದನ್ನ ಹೆಗಲಿಗೆ ಹಾಕ್ಕೊಂಡು ಓಣ್ಯಾಗ ಹೊಂಟ್ರ ಹಿಡದು ಒಯ್ತಾರ. ಈಗ ಎರಡನೇದ್ದು ತರ್ತೀರಿ. ನಾಳೆ ನಿಮಗ ಏನರ ಹೆಚ್ಚುಕಮ್ಮಿ ಆದ್ರ ಇವೆರಡೂ ತಗೊಂಡು ನಾ ಏನ ಮಾಡ್ಲಿ?"

ನನ್ನ ಅಮೆರಿಕ, ಆಸ್ಟ್ರೇಲಿಯಾ, ಹಲಗಲಿ ಎಲ್ಲ ಈ ಒಂದು ಪ್ರಶ್ನೆಯ ಮುಂದೆ ಹಿಂದೆ ಸರಿದವು. ಮನೆಯ ಆಸ್ತಿ ಎನ್ನುತ್ತೇವಲ್ಲ, ಆ ಮನೆಯಲ್ಲಿ ಹೆಂಗಸೂ ಇದ್ದಾಳೆ. ಆಪತ್ತಿನ ದಿನ ಅವಳು ಕೈಹಾಕಿ ಎತ್ತಲಾಗದ ವಸ್ತು ಅವಳ ಪಾಲಿಗೆ ಆಸ್ತಿಯಲ್ಲ, ಬರೇ ಕಾವಲು. ಮಾಮಾ ಚಹಾ ಆರುವವರೆಗೆ ಸುಮ್ಮನೆ ಕೂತಿದ್ದರು. ಆಮೇಲೆ, "ಗೌಡರಿಗೆ ವಿಚಾರಾ ಮಾಡ್ತೀನಂತ ಹೇಳ್ತೀನಿ ತಗೋ" ಎಂದರು. ಅವರ ಬಾಯಲ್ಲಿ ಅದು ಬೇಡ ಎಂಬುದಕ್ಕೆ ಸಮ.

ಡಿಸೆಂಬರಿನಲ್ಲಿ ಕಾಯ್ದೆ ಪಾಸಾಯಿತು. ಆಕ್ಷೇಪಗಳು ಬಂದದ್ದರಿಂದ ಒಂದರ ಬದಲು ಎರಡು ಬಂದೂಕಿಗೆ ಅವಕಾಶ ಕೊಟ್ಟರು. ಹೆಚ್ಚಿಗೆ ಇದ್ದವರು ಒಂದು ವರ್ಷದೊಳಗೆ ಅದನ್ನು ಠಾಣೆಗೋ ಲೈಸೆನ್ಸುಳ್ಳ ಬಂದೂಕು ವ್ಯಾಪಾರಿಗೋ ಒಪ್ಪಿಸಬೇಕು ಎಂದಾಯಿತು. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂಬುದೂ ಅದರಲ್ಲಿ ಸೇರಿತು. ಇದ್ದವರು ಇದ್ದಂಗ ಎಂದಿದ್ದ ಗೌಡರೇ ಮರುವರ್ಷ ತಮ್ಮ ಮೂರನೆಯದನ್ನು ಒಪ್ಪಿಸಿ ಬಂದರು.

ಕಾಯ್ದೆಯ ಆಸರೆಯಲ್ಲಿ ನಿಂತ ಬೆಲೆ ಕಾಯ್ದೆಯ ಒಂದು ಸಾಲಿನಿಂದ ಬೀಳುತ್ತದೆ ಎಂಬುದನ್ನು ನಾನು ಬಂದೂಕಿಲ್ಲದ ಕಡೆಯೂ ನೋಡಿದೆ, ಅದೂ ನನ್ನ ಬೆಂಗೇರಿಯಲ್ಲೇ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಲ್ಲಿದೆ. ಪ್ರಮಾಣೀಕೃತ ರಾಷ್ಟ್ರಧ್ವಜ ಇಲ್ಲಿಂದಲೇ ದೇಶಕ್ಕೆಲ್ಲ ಹೋಗುತ್ತದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಧ್ವಜ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯದೇ ಆಗಿರಬೇಕೆಂಬ ನಿಯಮ ಅವರ ಅನ್ನಕ್ಕೆ ಆಧಾರವಾಗಿತ್ತು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಒಪ್ಪಿಗೆ ಸಿಕ್ಕಿತು. 2022ರ ಆಗಸ್ಟಿನಲ್ಲಿ ಮನೆಮನೆಗೆ ಪಾಲಿಯೆಸ್ಟರ್ ಬಾವುಟ ಬಂದಾಗ ಇಲ್ಲಿಯ ಹೆಂಗಸರ ಮುಖದಲ್ಲಿ ಕಳೆಯಿರಲಿಲ್ಲ. ಆದರೂ ಅವರ ಕೈಯಲ್ಲಿ ಕಸುಬಿದೆ. ನಿಯಮ ಬದಲಾದರೂ ಹೊಲಿಯಬಲ್ಲರು, ನೂಲಬಲ್ಲರು. ಕಪಾಟಿನಲ್ಲಿ ಕೂತ ರೈಫಲಿಗೆ ಅಷ್ಟು ಗತಿಯೂ ಇಲ್ಲ.

ಕೊರೋನಾದಿಂದಾಗಿ ಅಕ್ಕನ ಆಪರೇಶನ್ ತಡವಾಗಿ, 2021ರ ಕೊನೆಗೆ ಒಂದು ಮೊಣಕಾಲು, ಮರುವರ್ಷ ಇನ್ನೊಂದು ಆಯಿತು. ಮಿಕ್ಕ ಸ್ವಲ್ಪ ರೊಕ್ಕಕ್ಕೆ ಇನ್ನಷ್ಟು ಕೂಡಿಸಿ ಮಾಮಾ ಹೊಲದ ಅಡವಿಯ ಬದಿಗೆ ಸೌರ ಬೇಲಿ ಹಾಕಿಸಿದರು. "ಈಗ ಢಂ ಅನ್ನೂ ಕೆಲಸಾನೂ ಇಲ್ಲ" ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

2023ರ ಚಳಿಗಾಲದಲ್ಲಿ ಮಾಮಾ ನಿದ್ದೆಯಲ್ಲೇ ಹೋದರು. ಕರ್ಮಾದಿಗಳು ಮುಗಿದ ಮೇಲೆ ಹಿರಿಯರೊಬ್ಬರು ಬಂದೂಕಿನ ನೆನಪು ಮಾಡಿದರು. ಲೈಸೆನ್ಸುದಾರ ತೀರಿಕೊಂಡ ಮೇಲೆ ಅದು ಮನೆಯಲ್ಲಿ ಇರುವಂತಿಲ್ಲ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸು ಮಾಡಿಸಿಕೊಳ್ಳಬಹುದು, ಅಲ್ಲಿಯವರೆಗೆ ಒಪ್ಪಿಸಬೇಕು. ನಿಗದಿತ ಅವಧಿಯಲ್ಲಿ ಯಾರೂ ಹಕ್ಕು ಕೇಳದಿದ್ದರೆ ಸರ್ಕಾರದ ಪಾಲು. ಟೆಕ್ಸಾಸಿನ ಮಗ ನನಗೆ ಬೇಡ ಎಂದ.

ಠಾಣೆಗೆ ಫೋನು ಮಾಡಿ ತಿಳಿಸಿ, ಅವರು ಹೇಳಿದ ದಿನ ನಾನೂ ಅಕ್ಕನೂ ಜೀಪಿನಲ್ಲಿ ಹೋದೆವು. ಮಾಮಾನ ಹಳೆಯ ಧೋತರದಲ್ಲಿ ಸುತ್ತಿದ ಬಂದೂಕು, ಲೈಸೆನ್ಸಿನ ಪುಸ್ತಕ, ಉಳಿದಿದ್ದ ಏಳು ತೋಟಾ, ಮರಣದ ದಾಖಲೆ. ಠಾಣೆಯ ಮುಂದೆ ಐದು ಮೆಟ್ಟಿಲು. ಕೈ ಕೊಡಲು ಹೋದೆ, ಅಕ್ಕ ಬೇಡವೆಂದು ತಾನೇ ಹತ್ತಿದಳು. ಹವಾಲದಾರರು ನಂಬರು ನೋಡಿ, ವಹಿಯಲ್ಲಿ ಬರೆದುಕೊಂಡು, ನಳಿಗೆಗೆ ದಾರದಿಂದ ಒಂದು ಚೀಟಿ ಕಟ್ಟಿದರು.

"ಬಂದೂಕು ಚಲೋ ಇಟ್ಟೀರವ್ವಾ, ಒಂದು ಚೂರೂ ಜಂಗು ಹಿಡದಿಲ್ಲ" ಎಂದರು.

"ನಲವತ್ತು ವರ್ಷ ಎಣ್ಣಿ ಹಚ್ಚೀನ್ರಿ" ಎಂದಳು ಅಕ್ಕ. ರಸೀದಿಯನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡು, ಧೋತರವನ್ನು ಮಾತ್ರ ತಿರುಗಿ ಕೇಳಿ ಇಸಿದುಕೊಂಡಳು.